ಸಂಪರ್ಕವಿಲ್ಲದೆಡೆಯಲ್ಲಿ ವೆಬ್ ಆ್ಯಪ್‌ಗಳ ಬಳಕೆ

ಮೊಬೈಲ್ ಫೋನಿನಲ್ಲಿ ನಾವು ಬಳಸುವ ಆ್ಯಪ್‌ಗಳು ಎರಡು ಬಗೆಯವು. ಆ್ಯಪ್ ಸ್ಟೋರ್‌ನಿಂದ ಇಳಿಸಿಕೊಂಡು ಫೋನಿನಲ್ಲಿ ಸ್ಥಾಪಿಸುವಂಥವು ಮೊದಲನೆಯ ಬಗೆ. ಬ್ರೌಸರ್‌ನಲ್ಲಿಯೇ ತೆರೆದುಕೊಳ್ಳುವ ವೆಬ್ ಆ್ಯಪ್‌ಗಳು ಎರಡನೆಯ ಬಗೆ. ಎರಡನೆಯ ಬಗೆಯವು ಸಂಪರ್ಕ ಕಡಿದೊಡನೆ ನಿರುಪಯುಕ್ತವಾಗುವುವೆಂಬುದು ಬಹುಜನರ ಭಾವನೆ. ಈ ಭಾವನೆ ಇಂದು ಪೂರ್ಣವಾಗಿ ನಿಜವಲ್ಲ. ಆದರೆ ಸಂಪರ್ಕವಿಲ್ಲದೆಯೂ ತೆರೆಯುವ ಆ್ಯಪ್‌ನಲ್ಲಿ ಬರೆದುದೆಲ್ಲವೂ ಸುರಕ್ಷಿತವೆಂದು ನಂಬುವುದು ಅದಕ್ಕಿಂತಲೂ ದೊಡ್ಡ ತಪ್ಪು. ಶಾಸನಗಳ ಪಾಠ, ಹಿರಿಯರ ಹೇಳಿಕೆ ಮೊದಲಾದುವನ್ನು ಹಳ್ಳಿಗಳಲ್ಲಿ ಸಂಗ್ರಹಿಸತಕ್ಕ ಇತಿಹಾಸದ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯಕ.

ಈ ಪ್ರಯತ್ನದ ಇತಿಹಾಸವು ೨೦೦೭ರಷ್ಟು ಹಿಂದಿನದು. ಆ ವರ್ಷದ ಜೂನ್ ತಿಂಗಳಲ್ಲಿ ಐಫೋನ್ ಮಾರಾಟಕ್ಕೆ ಬಂದಾಗ, ಹೊರಗಿನ ತಂತ್ರಜ್ಞರು ಅದಕ್ಕಾಗಿ ವೆಬ್ ಆ್ಯಪ್‌ಗಳನ್ನೇ ರಚಿಸಬೇಕೆಂಬುದು ಆ್ಯಪಲ್ ಸಂಸ್ಥೆಯ ನಿಲುವಾಗಿತ್ತು. ಆ ಸಂಸ್ಥೆಯ ಆ್ಯಪ್ ಸ್ಟೋರ್ ತೆರೆದುದು ೨೦೦೮ರ ಜುಲೈನಲ್ಲಿ. ೨೦೦೭ರ ಮೇ ತಿಂಗಳಲ್ಲಿಯೇ ಗೂಗಲ್ ಸಂಸ್ಥೆ 'ಗೇರ್ಸ್' ಎಂಬ ಸಾಧನವನ್ನು ಹೊರತಂದಿತ್ತು. ಪುಟಗಳನ್ನೂ ಮಾಹಿತಿಯನ್ನೂ ಬಳಕೆದಾರನ ಯಂತ್ರದಲ್ಲಿಯೇ ಶೇಖರಿಸುವುದು ಅದರ ಉದ್ದೇಶ. ಆದರೆ ಅದನ್ನು ಬ್ರೌಸರ್‌ಗೆ ಪ್ರತ್ಯೇಕವಾಗಿ ಜೋಡಿಸಿಕೊಳ್ಳಬೇಕಾಗಿತ್ತು.

ಅನಂತರ ಎಚ್‌ಟಿಎಂಎಲ್ ೫ರೊಡನೆ ಬಂದ 'ಆ್ಯಪ್ಲಿಕೇಷನ್ ಕ್ಯಾಶ್' ಬ್ರೌಸರ್‌ನಲ್ಲಿಯೇ ಅಂತರ್ಗತವಾಗಿತ್ತು. ಶೇಖರಿಸತಕ್ಕ ಕಡತಗಳ ಪಟ್ಟಿಯೊಂದನ್ನು ಕೊಟ್ಟರೆ ಬ್ರೌಸರ್ ಅವನ್ನು ಇಟ್ಟುಕೊಳ್ಳುತ್ತಿತ್ತು. ಈ ವಿಧಾನದ ದೋಷ ಅದರ ಬಿಗಿಯಲ್ಲಿಯೇ ಇತ್ತು. ಸಂಪರ್ಕವಿದ್ದಾಗಲೂ ಅದು ಹಳೆಯ ಪ್ರತಿಯನ್ನೇ ಮುಂದಿಡುತ್ತಿತ್ತು. ಪಟ್ಟಿಯ ಕಡತ ಬದಲಾಗದೆ ಹೊಸದನ್ನು ತರಿಸುತ್ತಿರಲಿಲ್ಲ. ಈ ಕಾರಣಗಳಿಂದ ಬ್ರೌಸರ್‌ಗಳು ಕ್ರಮೇಣ ಅದನ್ನು ಕೈಬಿಟ್ಟವು.

ಇಂದು ರೂಢಿಯಲ್ಲಿರುವ ಉಪಾಯಕ್ಕೆ 'ಸರ್ವಿಸ್ ವರ್ಕರ್' ಎಂದು ಹೆಸರು. ಇದು ಪುಟಕ್ಕೂ ಜಾಲಕ್ಕೂ ನಡುವೆ ನಿಲ್ಲುವ ಒಂದು ಸಣ್ಣ ಪ್ರೋಗ್ರಾಮ್. ಪುಟವು ಏನನ್ನು ಬೇಡಿದರೂ ಆ ಬೇಡಿಕೆ ಮೊದಲು ಇದರ ಕೈಗೆ ಬರುತ್ತದೆ. ಶೇಖರಿಸಿದ ಪ್ರತಿಯನ್ನು ಕೊಡಬೇಕೇ, ಸರ್ವರ್‌ನಿಂದ ಹೊಸದನ್ನು ತರಬೇಕೇ, ಅಥವಾ ಹಳೆಯದನ್ನು ಒಡನೆ ಕೊಟ್ಟು ಹೊಸದನ್ನು ಮುಂದಿನ ಬಾರಿಗೆ ತಂದಿಡಬೇಕೇ ಎಂಬುದನ್ನು ಆ್ಯಪ್ ರಚಿಸಿದವರೇ ನಿರ್ಧರಿಸಬಹುದು. ಕ್ರೋಮ್‌ನಲ್ಲಿ ಇದು ೨೦೧೫ರಲ್ಲಿಯೂ ಫೈರ್‌ಫಾಕ್ಸ್‌ನಲ್ಲಿ ೨೦೧೬ರಲ್ಲಿಯೂ ಐಫೋನಿನ ಸಫಾರಿಯಲ್ಲಿ ೨೦೧೮ರಲ್ಲಿಯೂ ಬಳಕೆಗೆ ಬಂದಿತು. ಇಂಥ ಆ್ಯಪ್‌ಗಳಿಗೆ 'ಪ್ರೋಗ್ರೆಸಿವ್ ವೆಬ್ ಆ್ಯಪ್' ಎಂಬ ಹೆಸರನ್ನು ೨೦೧೫ರಲ್ಲಿ ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್ ಇಟ್ಟರು. ಸರ್ವಿಸ್ ವರ್ಕರ್ ಫೋನಿಗೆ ಬಂದು ನೆಲೆಗೊಳ್ಳಬೇಕಾದರೆ ಒಮ್ಮೆಯಾದರೂ ಸಂಪರ್ಕವಿರುವೆಡೆ ಆ್ಯಪ್ ತೆರೆದಿರಲೇಬೇಕು.

ಇಲ್ಲಿಯವರೆಗೆ ಹೇಳಿದುದು ಆ್ಯಪ್‌ನ ಪುಟಗಳ ಮಾತು. ಅವು ಅಳಿದರೆ ನಷ್ಟವಿಲ್ಲ; ಮೂಲವು ಸರ್ವರ್‌ನಲ್ಲಿರುವುದರಿಂದ ಮತ್ತೆ ತರಿಸಬಹುದು. ಬಳಕೆದಾರನು ಬರೆದ ಮಾಹಿತಿಯ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಸಂಪರ್ಕವಿಲ್ಲದಾಗ ಬರೆದುದು 'ಇಂಡೆಕ್ಸ್ಡ್ ಡಿಬಿ'ಯಂಥ ಬ್ರೌಸರ್ ಉಗ್ರಾಣದಲ್ಲಿ ಮಾತ್ರ ಇರುತ್ತದೆ. ಸರ್ವರ್‌ಗೆ ತಲಪುವವರೆಗೆ ಅದೇ ಮೂಲ, ಅದೇ ಏಕಮಾತ್ರ ಪ್ರತಿ.

ಈ ಉಗ್ರಾಣವು ಶಾಶ್ವತವಲ್ಲ. ಫೋನಿನಲ್ಲಿ ಸ್ಥಳ ಸಾಲದೆ ಬಂದರೆ, ಬಹುದಿನದಿಂದ ಬಳಸದ ತಾಣದ ಸಂಗ್ರಹವನ್ನು ಬ್ರೌಸರ್ ತಾನಾಗಿಯೇ ತೆಗೆದುಹಾಕಬಹುದು. ಬಳಕೆದಾರರ ಜಾಡು ಹಿಡಿಯುವುದನ್ನು ತಡೆಯುವುದಕ್ಕಾಗಿ ಸಫಾರಿಯು ೨೦೨೦ರಲ್ಲಿ ಮತ್ತೊಂದು ನಿಯಮವನ್ನು ತಂದಿತು: ಬ್ರೌಸರ್ ಬಳಸಿದ ಏಳು ದಿನಗಳಲ್ಲಿ ಒಂದು ತಾಣವನ್ನು ಒಮ್ಮೆಯೂ ಬಳಸದಿದ್ದರೆ, ಅದು ಬರೆದಿಟ್ಟ ಸಂಗ್ರಹ ಅಳಿಯುತ್ತದೆ. ಫೋನಿನ ಮುಖಪರದೆಗೆ ಸೇರಿಸಿಕೊಂಡ ಆ್ಯಪ್‌ಗೆ ಈ ದಿನಗಳ ಲೆಕ್ಕವೇ ಬೇರೆ. ಬಳಕೆದಾರನು 'ಬ್ರೌಸಿಂಗ್ ಡೇಟಾ'ವನ್ನು ತಾನೇ ಅಳಿಸುವಾಗ ಈ ಸಂಗ್ರಹವೂ ಹೋಗುವ ಸಂಭವ ಉಂಟು.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವವರು ಕೆಲವು ಕ್ರಮಗಳನ್ನು ಅನುಸರಿಸುವುದು ಒಳಿತು. ಆ್ಯಪ್ ಅನ್ನು ಮೊದಲು ಮುಖಪರದೆಗೆ ಸೇರಿಸಿ, ಅಲ್ಲಿಂದಲೇ ತೆರೆದು ಬರೆಯತಕ್ಕದ್ದು. ಐಫೋನಿನಲ್ಲಿ ಸಫಾರಿಯ ಸಂಗ್ರಹವೂ ಮುಖಪರದೆಯ ಆ್ಯಪ್‌ನ ಸಂಗ್ರಹವೂ ಬೇರೆಬೇರೆ. ಹೊರಡುವ ಮುನ್ನ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಆ್ಯಪ್ ತೆರೆಯುವುದೇ, ಬರೆದುದು ಮುಚ್ಚಿ ತೆರೆದ ಮೇಲೂ ಇರುವುದೇ ಎಂದು ಪರೀಕ್ಷಿಸತಕ್ಕದ್ದು. ಸಂಪರ್ಕ ದೊರೆತೊಡನೆ ಆ್ಯಪ್ ತೆರೆದು, ಬರೆದುದು ಸರ್ವರ್ ಸೇರಿತೆಂಬುದನ್ನು ಕಣ್ಣಾರೆ ನೋಡಬೇಕು. ತೆರೆಯದೆಯೇ ಹಿನ್ನೆಲೆಯಲ್ಲಿ ಕಳುಹಿಸುವ ಅನುಕೂಲ ಎಲ್ಲ ಬ್ರೌಸರ್‌ಗಳಲ್ಲಿಯೂ ಇಲ್ಲ. ಇಬ್ಬರು ಒಂದೇ ದಾಖಲೆಯನ್ನು ತಿದ್ದಿದ್ದರೆ, ಕೆಲವು ಆ್ಯಪ್‌ಗಳಲ್ಲಿ ಕೊನೆಯಲ್ಲಿ ತಲಪಿದ ತಿದ್ದುಪಡಿ ಮೊದಲಿನದನ್ನು ಅಳಿಸಿಬಿಡುವುದೂ ಉಂಟು.

ಆಕರವೊಂದು ಎಲ್ಲಿದೆ, ಅದರ ಪ್ರತಿಗಳೆಷ್ಟು, ಯಾರ ವಶದಲ್ಲಿವೆ ಎಂಬುವು ಇತಿಹಾಸಕಾರನು ಕೇಳತಕ್ಕ ಮೊದಲ ಪ್ರಶ್ನೆಗಳು. ತನ್ನ ಫೋನಿನಲ್ಲಿ ತಾನೇ ಬರೆದ ಟಿಪ್ಪಣಿಯ ವಿಷಯದಲ್ಲಿಯೂ ಅವನು ಅವನ್ನು ಕೇಳಬೇಕು. ಹೇಳಿಕೆ ಕೊಟ್ಟ ಹಿರಿಯರು ಮತ್ತೊಮ್ಮೆ ಹೇಳಲು ಇರುವರೆಂಬ ಭರವಸೆ ಇಲ್ಲ.