ಕಂದು ಕಡಲಪಾಚಿ: ಗೊಬ್ಬರ ವರ್ತಕರು ಅರಿಯಬೇಕಾದ ಸಂಗತಿಗಳು

ಹಿರಿಯೂರು, ಹೊಸದುರ್ಗಗಳ ದಾಳಿಂಬೆಗೂ ಹೊಳಲ್ಕೆರೆಯ ಅಡಿಕೆಗೂ ಕಡಲು ಬಹುದೂರ. ಆದರೂ ಕಡಲಪಾಚಿಯ ಸಾರವು ಗೊಬ್ಬರದಂಗಡಿಗಳ ಸರಕಾಗಿದೆ.

ಸರ್ಗಾಸಮ್ ಮೊದಲಾದ ಕಂದು ಪಾಚಿಗಳಿಗೆ ನಿಜವಾದ ಬೇರುಗಳಿಲ್ಲ. ಬಂಡೆಗೆ ಅಂಟಿಕೊಂಡು, ಮೈಯೆಲ್ಲದರಿಂದಲೂ ಪೋಷಕಾಂಶಗಳನ್ನು ಹೀರುತ್ತವೆ. ಫ್ಯೂಕೋಕ್ಸಾಂಥಿನ್ ಎಂಬ ವರ್ಣಕವು ಪತ್ರಹರಿತ್ತಿನ ಹಸಿರನ್ನು ಮರೆಮಾಡುವುದರಿಂದ ಕಂದುಬಣ್ಣ ತೋರುತ್ತದೆ. ಕೋಶಭಿತ್ತಿಯಲ್ಲಿರುವ ಆಲ್ಜಿನೇಟ್ ಐಸ್‌ಕ್ರೀಂ, ಬಟ್ಟೆಯ ಮುದ್ರಣ ಹಾಗೂ ದಂತವೈದ್ಯರ ಅಚ್ಚುಗಳಲ್ಲಿ ಬಳಕೆಯಾಗುತ್ತದೆ.

ಪಾಚಿಸಾರವು ಬೆಳೆಯ ಪ್ರಚೋದಕವೇ ಹೊರತು ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ಬದಲಿಯಲ್ಲ. ಇಂತಹ ಜೈವಿಕ ಪ್ರಚೋದಕಗಳನ್ನು ಕೇಂದ್ರ ಸರ್ಕಾರವು 2021ರಲ್ಲಿ, 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿತು. ತಮಿಳುನಾಡಿನ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್ ಕೆಂಪು ಪಾಚಿ. ಅದರ ಸಾರವೂ ಮಾರುಕಟ್ಟೆಯಲ್ಲಿದೆ. ಆದುದರಿಂದ ವರ್ತಕರು ದಾಸ್ತಾನಿಗೆ ಮುನ್ನ ಪಾಚಿಯ ಹೆಸರು, ಸಾರದ ಪ್ರಮಾಣ, ಅನುಮತಿಪತ್ರಗಳನ್ನು ಪರಿಶೀಲಿಸುವುದು ಅವಶ್ಯ. ರೈತರಿಗೆ ಇದನ್ನು ಗೊಬ್ಬರವೆಂದು ಹೇಳಿ ಮಾರುವುದು ಸಲ್ಲದು.