ಮನೆಯ ಪಾಠ: 'ಬಹುದು' ಮತ್ತು 'ತಕ್ಕದ್ದು'

ಕಾಯಿದೆಯ ಕನ್ನಡದಲ್ಲಿ 'ಮಾಡಬಹುದು' ಎಂಬುದಕ್ಕೂ 'ಮಾಡತಕ್ಕದ್ದು' ಎಂಬುದಕ್ಕೂ ಇರುವ ಭೇದವು ಭಾಷೆಯನ್ನು ಬಲ್ಲವರಿಗೆಲ್ಲ ವಿದಿತವಾದುದೇ. ಮೊದಲನೆಯದು ಅಧಿಕಾರವನ್ನು ಕೊಡುವುದು. ಎರಡನೆಯದು ಕರ್ತವ್ಯವನ್ನು ವಿಧಿಸುವುದು. ಈ ಭೇದವು ಕೇವಲ ಪದವಿಚಾರಕ್ಕೆ ಸೇರಿದುದಲ್ಲ. ಹಾಸಿಗೆ ಹಿಡಿದ ಮಗುವಿನ ಬಳಿಗೆ ಉಪಾಧ್ಯಾಯರು ಬರುವರೋ ಇಲ್ಲವೋ ಎಂಬುದು ಕೆಲವು ವೇಳೆ ಇದನ್ನೇ ಅವಲಂಬಿಸಿರುವುದು. ಸರ್ಕಾರದ ವೆಚ್ಚದಿಂದ ನಡೆಯುವ ಮನೆಯ ಪಾಠದ ವಿಷಯದಲ್ಲಿ ಇಂಗ್ಲೆಂಡಿನ ಕಾಯಿದೆಗಳ ಚರಿತ್ರೆಯು ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಿಗಾಗಿ ೧೯೪೪ರಲ್ಲಿ ಆದ ವಿದ್ಯಾಭ್ಯಾಸದ ಕಾಯಿದೆಯ ೫೬ನೆಯ ಕಲಮು ಈ ವಿಷಯವನ್ನು ಕುರಿತದ್ದು. ಅಸಾಧಾರಣವಾದ ಕಾರಣಗಳಿಂದ ಮಗುವು ಶಾಲೆಗೆ ಹೋಗಲಾರದೆ ಇದ್ದರೆ, ಸ್ಥಳೀಯ ವಿದ್ಯಾಮಂಡಲಿಯು ಮಂತ್ರಿಯ ಒಪ್ಪಿಗೆಯನ್ನು ಪಡೆದು, ಶಾಲೆಯ ಹೊರಗೆ ಅದರ ಪಾಠಕ್ಕೆ ಏರ್ಪಾಡು ಮಾಡಬಹುದೆಂದು ಅದರ ತಾತ್ಪರ್ಯ. ಇಲ್ಲಿರುವುದು ಅಧಿಕಾರವೇ ಹೊರತು ಕರ್ತವ್ಯವಲ್ಲ. ಮಂಡಲಿಯು ಏರ್ಪಾಡು ಮಾಡದೆ ಸುಮ್ಮನಿದ್ದರೆ, ಈ ಕಲಮಿನ ಬಲದಿಂದ ಅದನ್ನು ಕಟ್ಟಿಹಾಕುವುದು ಕಷ್ಟವಾಗಿತ್ತು.

ಸುಮಾರು ಅರ್ಧ ಶತಮಾನದ ತರುವಾಯ, ೧೯೯೩ರ ಕಾಯಿದೆಯ ೨೯೮ನೆಯ ಕಲಮಿನಲ್ಲಿ, ಈ ಕ್ರಿಯಾಪದವು ಬದಲಾಯಿತು. ಕಾಯಿಲೆಯಿಂದಾಗಲಿ, ಶಾಲೆಯಿಂದ ಹೊರಹಾಕಲ್ಪಟ್ಟುದರಿಂದಾಗಲಿ, ಬೇರೆ ಕಾರಣದಿಂದಾಗಲಿ ತಕ್ಕ ಶಿಕ್ಷಣವು ದೊರೆಯದೆ ಹೋಗಬಹುದಾದ ಮಕ್ಕಳಿಗೆ ಮಂಡಲಿಯು ಏರ್ಪಾಡು ಮಾಡತಕ್ಕದ್ದೆಂದು ವಿಧಿಸಲಾಯಿತು. ಇದೇ ವಿಧಿಯು ೧೯೯೬ರ ಕಾಯಿದೆಯ ೧೯ನೆಯ ಕಲಮಾಗಿ ಮುಂದುವರಿಯಿತು. 'ತಕ್ಕ ಶಿಕ್ಷಣ'ವೆಂದರೆ ಏನೆಂಬುದಕ್ಕೆ ಕಾಯಿದೆಯೇ ಲಕ್ಷಣವನ್ನು ಹೇಳಿದೆ: ಮಗುವಿನ ವಯಸ್ಸು, ಸಾಮರ್ಥ್ಯ, ಒಲವು ಮತ್ತು ಅದಕ್ಕಿರುವ ವಿಶೇಷ ಅಗತ್ಯಗಳಿಗೆ ಹೊಂದುವ, ಫಲಕಾರಿಯಾದ ಶಿಕ್ಷಣ. ಕನ್ನಡದಲ್ಲಿ ಹೇಳುವಾಗ ಕರ್ತವ್ಯವನ್ನು ಸೂಚಿಸುವ 'ತಕ್ಕದ್ದು', ಯೋಗ್ಯತೆಯನ್ನು ಸೂಚಿಸುವ 'ತಕ್ಕ' ಇವೆರಡೂ 'ತಗು' ಎಂಬ ಒಂದೇ ಧಾತುವಿನಿಂದ ಬಂದವು. ಇಂಗ್ಲೆಂಡಿನಲ್ಲಿ ಮುಂದೆ ಉಂಟಾದ ವಿವಾದವು ಈ ಎರಡು ಅರ್ಥಗಳ ಸಂಬಂಧವನ್ನೇ ಕುರಿತದ್ದಾಗಿತ್ತು.

ಆ ವಿವಾದವು ಈಸ್ಟ್ ಸಸೆಕ್ಸ್ ಕೌಂಟಿಯಲ್ಲಿ ಹುಟ್ಟಿತು. 'ಎಂ. ಇ.' ಎಂಬ, ದೇಹವನ್ನು ಸದಾ ಬಳಲಿಸುವ ದೀರ್ಘವ್ಯಾಧಿಯಿಂದ ಪೀಡಿತಳಾದ ಬಾಲಿಕೆಯೊಬ್ಬಳಿಗೆ ಅಲ್ಲಿನ ಮಂಡಲಿಯು ವಾರಕ್ಕೆ ೫ ಗಂಟೆಗಳ ಮನೆಯ ಪಾಠವನ್ನು ಕೊಡಿಸುತ್ತಿತ್ತು. ೧೯೯೬ರಲ್ಲಿ ಅದನ್ನು ೩ ಗಂಟೆಗಳಿಗೆ ಇಳಿಸಲು ನಿರ್ಧರಿಸಿತು. ಬಾಲಿಕೆಯ ಆರೋಗ್ಯವು ಸುಧಾರಿಸಿತೆಂದಲ್ಲ, ಅವಳ ಕಲಿಕೆಗೆ ಅಷ್ಟು ಸಾಕೆಂದೂ ಅಲ್ಲ. ಖರ್ಚನ್ನು ತಗ್ಗಿಸಬೇಕೆಂಬುದೇ ಅದಕ್ಕೆ ಕಾರಣ. ವ್ಯಾಜ್ಯವು ಹೈಕೋರ್ಟಿನಲ್ಲಿ ಬಾಲಿಕೆಯ ಪರವಾಗಿಯೂ ಅಪೀಲು ಕೋರ್ಟಿನಲ್ಲಿ ಮಂಡಲಿಯ ಪರವಾಗಿಯೂ ತೀರ್ಮಾನವಾಗಿ, ಕಡೆಗೆ ಆಗಿನ ಪರಮೋಚ್ಚ ನ್ಯಾಯಸ್ಥಾನವಾಗಿದ್ದ ಪ್ರಭುಸಭೆಯ ಮುಂದೆ ಬಂದಿತು.

ಮಂಡಲಿಯ ಪಕ್ಷಕ್ಕೆ ಒಂದು ಪ್ರಬಲವಾದ ಆಧಾರವಿತ್ತು. ಅಂಗವಿಕಲರ ಮತ್ತು ದೀರ್ಘರೋಗಿಗಳ ನೆರವನ್ನು ಕುರಿತ ಗ್ಲಾಸ್ಟರ್‌ಷೈರಿನ ಮೊಕದ್ದಮೆಯಲ್ಲಿ, ೧೯೯೭ರಲ್ಲಿ, ಇದೇ ಸಭೆಯ ನ್ಯಾಯಾಧೀಶರು, ಒಬ್ಬನ 'ಅಗತ್ಯ'ವೆಷ್ಟೆಂದು ಅಳೆಯುವಾಗ ಮಂಡಲಿಯ ಹಣದ ಸ್ಥಿತಿಯನ್ನೂ ಗಮನಿಸಬಹುದೆಂದು ಬಹುಮತದಿಂದ ಹೇಳಿದ್ದರು. ಆದರೆ ೧೯೯೮ರ ಮೇ ತಿಂಗಳಿನಲ್ಲಿ ಲಾರ್ಡ್ ಬ್ರೌನ್-ವಿಲ್ಕಿನ್ಸನ್ನರು ಕೊಟ್ಟ ತೀರ್ಪಿನಲ್ಲಿ ಈ ಎರಡು ಶಬ್ದಗಳನ್ನು ಬೇರ್ಪಡಿಸಲಾಯಿತು. 'ಅಗತ್ಯ'ಕ್ಕೆ ಆ ಕಾಯಿದೆಯಲ್ಲಿ ಲಕ್ಷಣವಿರಲಿಲ್ಲ. 'ತಕ್ಕ ಶಿಕ್ಷಣ'ಕ್ಕೆ ಈ ಕಾಯಿದೆಯಲ್ಲಿ ಲಕ್ಷಣವಿದೆ, ಮತ್ತು ಆ ಲಕ್ಷಣದಲ್ಲಿ ಹಣದ ಮಾತೇ ಇಲ್ಲ. ಒಂದೇ ಶಿಕ್ಷಣವನ್ನು ಹಲವು ಬಗೆಯಲ್ಲಿ ಒದಗಿಸಲು ಸಾಧ್ಯವಿದ್ದರೆ ಕಡಿಮೆ ವೆಚ್ಚದ ಬಗೆಯನ್ನು ಆರಿಸಿಕೊಳ್ಳಬಹುದು. ಶಿಕ್ಷಣವೇ ತಕ್ಕುದಲ್ಲದಷ್ಟು ಅದನ್ನು ಕುಗ್ಗಿಸಲಾಗದು. ಬೇಕಾದರೆ, ಕಡ್ಡಾಯವಲ್ಲದ ಬೇರೆ ವೆಚ್ಚಗಳಿಂದ ಹಣವನ್ನು ಇತ್ತ ತಿರುಗಿಸಬೇಕು. ಇಲ್ಲವಾದರೆ ಕರ್ತವ್ಯವು ಇಳಿದು ಬರಿಯ ಅಧಿಕಾರವಾಗುವುದು, ಎಂದರೆ 'ತಕ್ಕದ್ದು' ಎಂಬುದು ಮತ್ತೆ 'ಬಹುದು' ಆಗುವುದು. ತೀರ್ಪಿನ ಸಾರವಿದು.

ಆದರೂ ಪೂರ್ಣಕಾಲ ಅಥವಾ ಅಲ್ಪಕಾಲ ಎಂಬ ವಿಕಲ್ಪವು ಕಾಯಿದೆಯಲ್ಲಿ ಉಳಿದಿತ್ತು. ೨೦೧೦ರ ತಿದ್ದುಪಡಿಯು ಅದನ್ನೂ ತೆಗೆದು, ಪೂರ್ಣಕಾಲದ ಶಿಕ್ಷಣವನ್ನೇ ನಿಯಮವಾಗಿ ಮಾಡಿತು. ಮಗುವಿನ ದೇಹ ಅಥವಾ ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ಅದು ಹಿತವಲ್ಲದಿದ್ದರೆ ಮಾತ್ರ ಕಡಿಮೆ ಮಾಡಬಹುದು. ೧೫ ದಿನ ಅಥವಾ ಅದಕ್ಕೂ ಹೆಚ್ಚು ಕಾಲ, ಒಟ್ಟಿಗೇ ಆಗಲಿ ಬಿಡಿಬಿಡಿಯಾಗಿ ಆಗಲಿ, ಮಗುವು ಶಾಲೆಗೆ ಬರಲಾರದೆಂದು ಸ್ಪಷ್ಟವಾದೊಡನೆ ಏರ್ಪಾಡು ಆರಂಭವಾಗಬೇಕೆಂದು ೨೦೧೩ರ ಸರ್ಕಾರಿ ಸೂಚನೆಯು ತಿಳಿಸಿತು. ಒಬ್ಬ ಉಪಾಧ್ಯಾಯರು ಒಂದೇ ಮಗುವಿಗೆ ಹೇಳುವ ಪಾಠವು ಸಾಂದ್ರವಾದುದರಿಂದ ಗಂಟೆಗಳ ಸಂಖ್ಯೆ ತರಗತಿಯದಕ್ಕಿಂತ ಕಡಿಮೆಯಾಗಿರಬಹುದೆಂದೂ ಅದು ಒಪ್ಪಿತು. ಇಲ್ಲಿ ಗಂಟೆಗಳನ್ನು ಇಳಿಸುವ ಕಾರಣವು ಪಾಠದ ಸ್ವರೂಪವೇ ಹೊರತು ಬೊಕ್ಕಸವಲ್ಲ.

ಈ ವಿವೇಚನೆಯು ಭಾರತಕ್ಕೂ ಪ್ರಸ್ತುತವಾದುದು. ೬ ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ವಿಧಿಸಿದ ೨೦೦೯ರ ಕಾಯಿದೆಗೆ ೨೦೧೨ರಲ್ಲಿ ಒಂದು ತಿದ್ದುಪಡಿಯಾಯಿತು. ತೀವ್ರವಾದ ಅಥವಾ ಬಹುವಿಧವಾದ ಅಂಗವಿಕಲತೆಯುಳ್ಳ ಮಗುವು ಮನೆಯಲ್ಲಿಯೇ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕನ್ನೂ ಪಡೆಯಬಹುದೆಂದು ಅದರಲ್ಲಿ ಹೇಳಿದೆ. ಕರ್ಣಾಟಕದ ಮಕ್ಕಳಿಗೂ ಇದು ಅನ್ವಯಿಸುವುದು. ಆದರೆ ಅಂಗವಿಕಲತೆಯಿಲ್ಲದೆ ತಿಂಗಳುಗಟ್ಟಲೆ ಕಾಯಿಲೆಯಿಂದ ಮಲಗಿರುವ ಮಗುವನ್ನು ಆ ವಾಕ್ಯವು ಹೆಸರಿಸಿಲ್ಲ. ವಾರಕ್ಕೆ ಎಷ್ಟು ಗಂಟೆಗಳ ಪಾಠವೆಂಬುದನ್ನೂ ಅದು ಹೇಳಿಲ್ಲ. ಹಕ್ಕು ಹುಟ್ಟಿದೆ, ಅದರ ಅಳತೆಯನ್ನು ಆ ವಾಕ್ಯವು ಹೇಳಿಲ್ಲ. ಈಸ್ಟ್ ಸಸೆಕ್ಸಿನ ಬಾಲಿಕೆಗೆ ೨ ಗಂಟೆಗಳ ಪಾಠವನ್ನು ಉಳಿಸಿಕೊಟ್ಟುದು ಅಂಥ ಒಂದು ಅಳತೆಯೇ, ಎಂದರೆ ಕಾಯಿದೆಯಲ್ಲಿ 'ತಕ್ಕ' ಎಂಬುದಕ್ಕೆ ಬರೆದಿದ್ದ ಒಂದು ಸಾಲಿನ ಲಕ್ಷಣ.