ಬುಧವಾರದ ಸೀಳುಗೆರೆ

ಕನ್ನಡದಲ್ಲಿ ಬರೆಹದ ತಪ್ಪನ್ನು ಕಾಗುಣಿತದ ತಪ್ಪು ಎನ್ನುವ ವಾಡಿಕೆಯ ಹಿಂದೆ ಒಂದು ಬೋಧನಕ್ರಮವೇ ಅಡಗಿದೆ. ಕ ಎಂಬ ವ್ಯಂಜನವನ್ನು ಒಂದೊಂದೇ ಸ್ವರದೊಡನೆ ಗುಣಿಸುತ್ತ ಕ, ಕಾ, ಕಿ, ಕೀ ಎಂದು ಸಾಲು ಕಟ್ಟುವ ಕ್ರಮಕ್ಕೆ ಕಾಗುಣಿತವೆಂದು ಹೆಸರಾಗಿ, ಆ ಹೆಸರೇ ಮುಂದೆ ಪದವನ್ನು ತಪ್ಪಿಲ್ಲದೆ ಬರೆಯುವ ಇಡೀ ವಿದ್ಯೆಗೂ ಅಂಟಿಕೊಂಡಿತು. ಇಂಗ್ಲಿಷಿನ ಸ್ಪೆಲ್ಲಿಂಗ್ ಅಕ್ಷರಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಇಟ್ಟು ಪೋಣಿಸುವ ಕೆಲಸವಾದರೆ, ಕಾಗುಣಿತವು ಒಂದೇ ಅಕ್ಷರದ ತಲೆಗೆ, ಬದಿಗೆ, ಅಡಿಗೆ ಚಿಹ್ನೆಗಳನ್ನು ಕೂಡಿಸುವ ಕೆಲಸ. ಇವೆರಡರ ಅಂತರವನ್ನು ಅಳೆಯಲು ವಾರದ ಏಳು ದಿನಗಳ ಹೆಸರುಗಳಿಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಅರ್ಥ ಒಂದೇ, ಸಂಖ್ಯೆ ಒಂದೇ, ಹೆಸರುಗಳ ಹಿಂದಿರುವ ಗ್ರಹಗಳೂ ಬಹುಮಟ್ಟಿಗೆ ಒಂದೇ ಆಗಿದ್ದು, ಕರ್ನಾಟಕದ ಮಕ್ಕಳು ಕೆಳಗಿನ ತರಗತಿಗಳಲ್ಲಿಯೇ ಈ ಏಳನ್ನು ಎರಡೂ ಲಿಪಿಗಳಲ್ಲಿ ಬರೆಯಲು ಕಲಿಯಬೇಕಾಗುತ್ತದೆ.

ಕನ್ನಡವು ನುಡಿದಂತೆ ಬರೆಯುವ, ಬರೆದಂತೆ ಓದುವ ಭಾಷೆಯಾದ್ದರಿಂದ ಅದರಲ್ಲಿ ಸ್ಪೆಲ್ಲಿಂಗಿನ ಕಾಟವಿಲ್ಲ ಎಂಬ ಮಾತು ಬಳಕೆಯಲ್ಲಿದೆ. ಭಾಷಾವಿಜ್ಞಾನಿಗಳು ಇದನ್ನೇ ಬರೆಹದ ಆಳ ಎಂಬ ಪರಿಕಲ್ಪನೆಯ ಮೂಲಕ ವಿವರಿಸುತ್ತಾರೆ: ಅಕ್ಷರಕ್ಕೂ ಉಚ್ಚಾರಕ್ಕೂ ನೇರ ಸಂಬಂಧವಿರುವ ಬರೆಹ ಆಳವಿಲ್ಲದ್ದು, ಆ ಸಂಬಂಧ ಜಟಿಲವಾಗಿರುವುದು ಆಳವಾದದ್ದು. ಫಿಲಿಪ್ ಸೀಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ, 13 ಯುರೋಪಿಯನ್ ಬರೆಹಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಆಳವಿಲ್ಲದ ಫಿನ್ನಿಶ್, ಗ್ರೀಕ್ ಮುಂತಾದವನ್ನು ಓದುವ ಮಕ್ಕಳು ಮೊದಲ ವರ್ಷದ ಕೊನೆಗೆ ಪರಿಚಿತ ಪದಗಳನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಓದುತ್ತಿದ್ದರೆ, ಇಂಗ್ಲಿಷ್ ಓದುವ ಮಕ್ಕಳು ಮೂರರಲ್ಲಿ ಒಂದರಷ್ಟು ಪದಗಳನ್ನು ಮಾತ್ರ ಸರಿಯಾಗಿ ಓದಬಲ್ಲವರಾಗಿದ್ದರು. ಈ ಅಳತೆಗೋಲಿನಲ್ಲಿ ಕನ್ನಡ ಖಂಡಿತವಾಗಿ ಆಳವಿಲ್ಲದ ಬರೆಹವೇ. ಆದರೆ ಆಳವಿಲ್ಲದ ನೀರು ಅಗಲವಾಗಿ ಹರಡಿರಬಹುದು ಎಂಬುದನ್ನು ಆ ಮಾತು ಮರೆಯುತ್ತದೆ. ಇಂಗ್ಲಿಷಿನ ಮಗುವಿನ ಮುಂದೆ 26 ಅಕ್ಷರಗಳಿದ್ದರೆ, ಕನ್ನಡದ ಮಗುವಿನ ಮುಂದೆ 34 ವ್ಯಂಜನಗಳು 13 ಸ್ವರಗಳೊಡನೆ ಗುಣಿತವಾಗಿ ನಾನೂರಕ್ಕೂ ಹೆಚ್ಚು ರೂಪಗಳಾಗಿ ನಿಲ್ಲುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಈ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿತು.

ಏಳು ಹೆಸರುಗಳನ್ನು ಬಿಡಿಸಿ ನೋಡಿದರೆ ಈ ಅಗಲ ಎಲ್ಲಿ ಮಗುವನ್ನು ತಡೆಯುತ್ತದೆ ಎಂಬುದು ತಿಳಿಯುತ್ತದೆ. ಭಾನುವಾರದಿಂದ ಶನಿವಾರದವರೆಗೆ ಒಟ್ಟು 29 ಅಕ್ಷರಗಳಿವೆ. ಅವುಗಳಲ್ಲಿ 14 ಅಕ್ಷರಗಳು ‘ವಾರ’ ಎಂಬ ಒಂದೇ ಪದದ ಏಳು ಆವೃತ್ತಿಗಳು. (ಇದೇ ಪದ ಏಳು ದಿನಗಳ ಗುಂಪಿಗೂ ಹೆಸರಾಗಿರುವುದರಿಂದ, ಇವತ್ತು ಯಾವ ವಾರ ಎಂಬ ಪ್ರಶ್ನೆಯೂ ಮುಂದಿನ ವಾರ ಎಂಬ ಮಾತೂ ಎಳೆಯ ಮಗುವನ್ನು ಗಲಿಬಿಲಿಗೊಳಿಸಿದರೆ ಅಚ್ಚರಿಯಿಲ್ಲ.) ಉಳಿದ 15ರಲ್ಲಿ ನಿಜವಾಗಿ ತೊಡಕಾಗುವವು ಏಳೆಂಟು ಮಾತ್ರ. ಗುರುವಾರದಲ್ಲಿ ಕೊಂಬು ಎರಡು ಸಲ ಬರುವುದನ್ನು ಬಿಟ್ಟರೆ ಹೇಳಿಕೊಳ್ಳುವ ತೊಡಕಿಲ್ಲ. ಸೋಮವಾರದ ಸೋ ಎಂಬಲ್ಲಿ ಕಿವಿಗೆ ಕೇಳುವ ಒಂದೇ ದೀರ್ಘಸ್ವರವು ಕಣ್ಣಿಗೆ ತುಂಡುಗಳಾಗಿ, ಅಕ್ಷರದ ತಲೆಯ ಮೇಲೊಂದು, ಬಲಕ್ಕೊಂದು, ಅದರಾಚೆಗೆ ದೀರ್ಘದ ಗುರುತೊಂದು ಎಂಬಂತೆ ಚದುರಿರುತ್ತದೆ. ಅದರ ಬೆನ್ನಿಗೇ ನೋಡಲು ಒಂದನ್ನೊಂದು ಹೋಲುವ ಮ ಮತ್ತು ವ ಒಟ್ಟೊಟ್ಟಿಗೆ ಬರುತ್ತವೆ. ಮಂಗಳವಾರದ ಸೊನ್ನೆಯು ಗಕಾರದ ಮುಂದೆ ಮೂಗಿನಲ್ಲಿ ಹುಟ್ಟುವ ಧ್ವನಿಯಾಗಿರುವುದರಿಂದ ಮಗು ಅಲ್ಲಿ ನ್ ಎಂಬುದನ್ನು ಹುಡುಕುತ್ತದೆ, ಮತ್ತು ಮನೆಮಾತು ಹಿಂದಿ ಅಥವಾ ಉರ್ದುವಾಗಿರುವ ಮಗುವಿಗೆ ಳ, ಲ ಎರಡೂ ಒಂದೇ ಎನಿಸಬಹುದು.

ಶುಕ್ರವಾರ ಇವೆಲ್ಲಕ್ಕಿಂತ ಸ್ವಾರಸ್ಯದ ಪದ. ಈ ಹೆಸರನ್ನು ಚಪ್ಪಾಳೆ ತಟ್ಟುತ್ತ ಹೇಳಿದರೆ ಅದು ಶುಕ್-ರ-ವಾ-ರ ಎಂದು ಒಡೆಯುತ್ತದೆ, ಬರೆಯುವಾಗ ಮಾತ್ರ ಶು-ಕ್ರ-ವಾ-ರ ಎಂದು ಒಡೆಯುತ್ತದೆ; ಅಂದರೆ ಉಚ್ಚಾರದ ಗಡಿ ಮತ್ತು ಅಕ್ಷರದ ಗಡಿ ಬೇರೆ ಬೇರೆ ಜಾಗದಲ್ಲಿವೆ. ಅದೂ ಸಾಲದೆಂಬಂತೆ, ಅಕಾರದ ಗುರುತಾದ ತಲೆಕಟ್ಟು ಕಕಾರದ ಮೇಲೆ ಕುಳಿತಿದ್ದರೂ ಆ ಸ್ವರ ಕೇಳಿಸುವುದು ಕೆಳಗೆ ಒತ್ತಾಗಿ ನಿಂತ ರಕಾರದ ಅನಂತರ. ಹೀಗಾಗಿ ‘ಶುಕರವಾರ’ ಎಂದು ಬರೆದ ಮಗುವನ್ನು ಅಜಾಗರೂಕ ಎನ್ನುವಂತಿಲ್ಲ. ಅದು ಕಂಡ ತಲೆಕಟ್ಟಿಗೆ ಮತ್ತು ಕೇಳಿದ ರಕಾರಕ್ಕೆ ಎರಡಕ್ಕೂ ನ್ಯಾಯ ಒದಗಿಸಲು ಯತ್ನಿಸಿದೆ. ಸೊನಾಲಿ ನಾಗ್, ರೆಬೆಕಾ ಟ್ರೈಮನ್ ಮತ್ತು ಮಾರ್ಗರೆಟ್ ಸ್ನೋಲಿಂಗ್ 2010ರಲ್ಲಿ ಕನ್ನಡ ಮಕ್ಕಳ ಬರೆಹವನ್ನು ಕುರಿತು ಪ್ರಕಟಿಸಿದ ಅಧ್ಯಯನವೂ ಇಂಥ ಸಂಕೀರ್ಣ ಅಕ್ಷರಗಳು ಸರಳ ಅಕ್ಷರಗಳಿಗಿಂತ ತಡವಾಗಿ ಹಿಡಿತಕ್ಕೆ ಬರುವುದನ್ನು ಗುರುತಿಸಿದೆ.

ಇನ್ನೊಂದು ಬಗೆಯ ತೊಡಕಿಗೆ ಕಾರಣ ಲಿಪಿಯಲ್ಲ, ನಾಲಗೆ. ಬುಧವಾರದ ಧಕಾರ ಮತ್ತು ಭಾನುವಾರದ ಭಕಾರ ಮಹಾಪ್ರಾಣಗಳು, ಅಂದರೆ ಉಸಿರನ್ನು ಒತ್ತಿ ಹೊರಬಿಟ್ಟು ನುಡಿಯಬೇಕಾದ ವ್ಯಂಜನಗಳು. ಬರೆಹದಲ್ಲಿ ಧಕಾರವನ್ನು ದಕಾರದಿಂದ ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳುಗೆರೆ. ಆದರೆ ಕನ್ನಡದ ಹೆಚ್ಚಿನ ಆಡುನುಡಿಗಳಲ್ಲಿ ಈ ಉಸಿರು ಕೇಳಿಸುವುದೇ ಇಲ್ಲ, ಶಕಾರವೂ ಅನೇಕ ಕಡೆ ಸಕಾರವಾಗುತ್ತದೆ. ಮನೆಯಲ್ಲಿ ಬುದವಾರ, ಸನಿವಾರ ಎಂದೇ ಕೇಳಿ ಬೆಳೆದ ಮಗುವಿಗೆ ‘ನುಡಿದಂತೆ ಬರೆ’ ಎಂಬ ಸೂತ್ರವನ್ನು ಕೊಟ್ಟರೆ ಅದು ಸೂತ್ರವನ್ನು ಪಾಲಿಸಿಯೇ ತಪ್ಪು ಮಾಡುತ್ತದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದ ಬರೆಹದಿಂದ ಮಹಾಪ್ರಾಣ ಅಕ್ಷರಗಳನ್ನು ಕೈಬಿಡಬೇಕೆಂದು ವಾದಿಸಿದ್ದು ಇದೇ ಕಾರಣದಿಂದ. ಅವರ ಕ್ರಮದಲ್ಲಿ ಬುದವಾರ ಎಂಬುದು ತಪ್ಪಾಗದೆ ನಿಯಮವೇ ಆಗುತ್ತದೆ, ಮತ್ತು ಭಾನುವಾರವು ಬಾನುವಾರವಾಗಿ, ಸೂರ್ಯನ ದಿನ ಆಕಾಶದ ದಿನವಾಗುತ್ತದೆ. ಆ ಸಲಹೆ ಶಾಲೆಯ ಪುಸ್ತಕಗಳನ್ನು ಮುಟ್ಟಿಲ್ಲವಾದ್ದರಿಂದ, ಸೀಳುಗೆರೆಯನ್ನು ಮಗು ಕಿವಿಯಿಂದಲ್ಲದೆ ಕಣ್ಣಿನಿಂದ ಮತ್ತು ಅರ್ಥದಿಂದ ಕಲಿಯಬೇಕು: ಬುಧ ಎಂಬ ಗ್ರಹದ ಹೆಸರನ್ನು ಬೇರೆಯಾಗಿ ತೋರಿಸಿ, ಅದೇ ಹೆಸರು ವಾರದೊಳಗೂ ಇದೆ ಎಂದು ಕಾಣಿಸುವುದು ‘ಬುದ ಅಲ್ಲ, ಬುಧ’ ಎಂದು ಗದರುವುದಕ್ಕಿಂತ ಫಲಕಾರಿ.

ಕೆಲವೆಡೆ ಮನೆಯ ಹೆಸರಿಗೂ ಶಾಲೆಯ ಹೆಸರಿಗೂ ಸಂಬಂಧವೇ ಕಾಣದು. ಗುರುವಾರವು ಬೃಹಸ್ಪತಿಯ ಹೆಸರು ಸವೆದು ಬೇಸ್ತವಾರವಾಗಿಯೂ, ಭಾನುವಾರವು ಆದಿತ್ಯನ ಹೆಸರು ಸವೆದು ಐತವಾರವಾಗಿಯೂ ಹಳ್ಳಿಗಳ ಸಂತೆಯ ಲೆಕ್ಕದಲ್ಲಿ ಉಳಿದಿವೆ. ಉತ್ತರ ಕರ್ನಾಟಕದಲ್ಲಿ ರವಿವಾರ ಎಂಬ ಹೆಸರೂ ಬಳಕೆಯಲ್ಲಿದೆ. ಇಂಥ ಮನೆಯ ಮಗು ಭಾನುವಾರ ಎಂಬ ಬರೆಹವನ್ನು ಕಲಿಯುವ ಮೊದಲು ಆ ಪದವನ್ನೇ ಹೊಸದಾಗಿ ಕಲಿಯುತ್ತಿರುತ್ತದೆ ಎಂಬುದು ಶಿಕ್ಷಕರಿಗೆ ತಿಳಿದಿರಬೇಕಾದ ಸಂಗತಿ.

ಇಂಗ್ಲಿಷಿನ ಪಟ್ಟಿಯಲ್ಲಿ ತೊಡಕಿನ ಸ್ವರೂಪವೇ ಬೇರೆ. ಏಳು ಹೆಸರುಗಳಲ್ಲಿ ಒಟ್ಟು 50 ಅಕ್ಷರಗಳಿದ್ದು, ‘ಡೇ’ ಎಂಬ ಬಾಲಕ್ಕೆ 21 ಹೋದರೆ ಉಳಿಯುವುದು 29. ಇವುಗಳಲ್ಲಿ ಅಪರಿಚಿತ ಆಕಾರ ಯಾವುದೂ ಇಲ್ಲ; ಇರುವುದು ಆಕಾರಕ್ಕೂ ಧ್ವನಿಗೂ ನಡುವೆ ಬಿದ್ದ ಕಾಲದ ಕಂದಕ. ಗ್ರಹಗಳ ಹೆಸರಿನ ಏಳು ದಿನಗಳ ಎಣಿಕೆ ಗ್ರೀಕ್-ರೋಮನ್ ಜಗತ್ತಿನಿಂದ ಎರಡು ದಿಕ್ಕಿಗೆ ಹರಡಿತು. ಭಾರತದಲ್ಲಿ ವಾರದ ಹೆಸರು ಕಾಣಿಸುವ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ ಕಂಬದ ಮೇಲೆ, 484ನೆಯ ಇಸವಿಗೆ ಸಲ್ಲುವ ಒಂದು ಗುರುವಾರ ದಾಖಲಾಗಿದೆ. ಯುರೋಪಿನ ಉತ್ತರದ ಜರ್ಮ್ಯಾನಿಕ್ ಜನ ಮಾತ್ರ ರೋಮನ್ನರ ಹಲವು ದೇವತೆಗಳ ಜಾಗದಲ್ಲಿ ತಮ್ಮವರನ್ನು ಕೂರಿಸಿಕೊಂಡರು, ಹಾಗಾಗಿ ಬುಧನ ದಿನವು ವೋಡನ್ ಎಂಬ ದೇವರ ದಿನವಾಯಿತು. ಶತಮಾನಗಳು ಉರುಳಿದಂತೆ ನಾಲಗೆ ವೋಡನ್‌ನ ಡಕಾರವನ್ನು ನುಂಗಿ ವೆನ್ಸ್‌ಡೇ ಎನ್ನತೊಡಗಿತು, ಬರೆಹವು ಅದನ್ನು ಬಿಟ್ಟುಕೊಡಲಿಲ್ಲ. ಕನ್ನಡದ ಮಗು ಬುಧನ ಸೀಳುಗೆರೆಯನ್ನು ಮರೆಯುವ ದಿನದಲ್ಲಿಯೇ ಇಂಗ್ಲಿಷಿನ ಮಗು ವೋಡನ್‌ನ ಡಿ ಅಕ್ಷರವನ್ನು ಮರೆಯುತ್ತದೆ. ಇಬ್ಬರೂ ಬಿಟ್ಟಿರುವುದು ಕಿವಿಗೆ ಕೇಳದ್ದನ್ನು.

ಒಂಬತ್ತು ಅಕ್ಷರಗಳ ಈ ಹೆಸರನ್ನು ಡಬ್ಲ್ಯೂ, ಇ, ಡಿ ಎಂದು ಒಂದೊಂದಾಗಿ ಪಠಿಸಿ ನೆನಪಿಡುವುದು ಎಳೆಯ ಮಗುವಿಗೆ ಭಾರವೇ. ಹೇಳುತ್ತಿರುವಾಗ, ಬರೆಯುತ್ತಿರುವಾಗ ಮಾಹಿತಿಯನ್ನು ಕೆಲ ಕ್ಷಣ ಹಿಡಿದಿಡುವ ಮನಸ್ಸಿನ ಶಕ್ತಿಗೆ ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. ವಯಸ್ಕರಲ್ಲಿಯೂ ಅದು ಒಮ್ಮೆಗೆ ನಾಲ್ಕರಷ್ಟು ಘಟಕಗಳನ್ನು ಮಾತ್ರ ಹಿಡಿಯಬಲ್ಲದೆಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಕರ್ನಾಟಕದ ತರಗತಿಗಳಲ್ಲಿ ಕೇಳಿಬರುವ ‘ವೆಡ್-ನೆಸ್-ಡೇ’ ಎಂಬ ಉಚ್ಚಾರವನ್ನು ತಿಳಿದವರು ನಗುವುದುಂಟು, ಆದರೆ ಬರೆಯುವ ಕೆಲಸಕ್ಕೆ ಅದು ಒಳ್ಳೆಯ ಉಪಾಯ: ಒಂಬತ್ತು ಘಟಕಗಳು ಮೂರಾಗುತ್ತವೆ, ಕೇಳದ ಅಕ್ಷರಕ್ಕೂ ಒಂದು ದನಿ ಸಿಗುತ್ತದೆ. ಪದದ ಧ್ವನಿ, ಅಕ್ಷರಗಳು ಮತ್ತು ಅರ್ಥ ಮೂರೂ ಒಂದಕ್ಕೊಂದು ಬೆಸೆದುಕೊಂಡಾಗಲೇ ಬರೆಹ ನೆನಪಿನಲ್ಲಿ ನಿಲ್ಲುತ್ತದೆ ಎಂದು ದಶಕಗಳ ಕಾಲ ತೋರಿಸುತ್ತ ಬಂದ ಲಿನಿಯಾ ಏರಿ, ಮಾತಿನಲ್ಲಿ ಅಂತ್ಯಪ್ರಾಸ ಹೊಂದುವ ‘ಪಿಚ್’ ಮತ್ತು ‘ರಿಚ್’ ಎಂಬ ಎರಡು ಇಂಗ್ಲಿಷ್ ಪದಗಳಲ್ಲಿ, ಟಿ ಅಕ್ಷರವಿರುವ ಮೊದಲನೆಯದಕ್ಕೆ ಮಕ್ಕಳು ಒಂದು ಧ್ವನಿ ಹೆಚ್ಚು ಎಣಿಸುವುದನ್ನು ಸಹಸಂಶೋಧಕರೊಡನೆ 1980ರಲ್ಲಿ ವರದಿ ಮಾಡಿದರು. ಕಲಿತ ಬರೆಹ ಕಿವಿಯನ್ನೇ ತಿದ್ದುತ್ತದೆ.

ತಪ್ಪುಗಳನ್ನು ಓದುವ ದೃಷ್ಟಿಯೂ ಇದರೊಡನೆ ಬದಲಾಗಬೇಕು. ಅಮೆರಿಕದ ಚಾರ್ಲ್ಸ್ ರೀಡ್ 1971ರಲ್ಲಿ, ಶಾಲೆಗೆ ಸೇರದ ಮಕ್ಕಳು ಟ್ರಕ್ ಎಂಬ ಪದವನ್ನು ಚ್ರಕ್ ಎಂಬಂತೆ ಬರೆಯುವುದನ್ನು ವಿಶ್ಲೇಷಿಸಿ, ದೊಡ್ಡವರ ಕಿವಿಗೆ ಬೀಳದ ಉಚ್ಚಾರದ ಸೂಕ್ಷ್ಮವನ್ನು ಮಕ್ಕಳು ಗ್ರಹಿಸಿದ್ದಾರೆಂದು ತೋರಿಸಿದರು. ‘ಸೋಮಾರ’ ಎಂದು ಬರೆಯುವ ಕನ್ನಡದ ಮಗು ಅದೇ ಸಾಲಿನಲ್ಲಿ ನಿಲ್ಲುತ್ತದೆ. ಬೇಗ ಆಡುವ ಮಾತಿನಲ್ಲಿ ವಕಾರ ಕರಗುವುದನ್ನು ಅದು ಸರಿಯಾಗಿಯೇ ಕೇಳಿಸಿಕೊಂಡಿದೆ. ಅದಕ್ಕೆ ಬೇಕಿರುವುದು ‘ವಾರ’ವನ್ನು ಬೇರ್ಪಡಿಸಿ ತೋರಿಸುವ ಒಂದು ಗೆರೆ, ಹತ್ತು ಸಲ ಬರೆಯುವ ಶಿಕ್ಷೆಯಲ್ಲ.

ಹತ್ತು ಸಲದ ಇಂಪೊಸಿಷನ್ ವ್ಯರ್ಥವಾಗುವುದಕ್ಕೆ ಇನ್ನೊಂದು ಕಾರಣವಿದೆ. ಮೊದಲ ಸಾಲನ್ನು ನೋಡಿ ಬರೆದ ಮೇಲೆ ಉಳಿದ ಒಂಬತ್ತನ್ನು ಮಗು ಮೇಲಿನ ಸಾಲು ನೋಡಿ ಇಳಿಸುತ್ತದೆ, ನೆನಪಿಗೆ ಕೆಲಸವೇ ಇರುವುದಿಲ್ಲ. ಕಲಿತದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ದೀರ್ಘಕಾಲ ಉಳಿಯುವ ಕಲಿಕೆಗೆ ಹೆಚ್ಚು ಸಹಾಯಕ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಒಂದೇ ಕೂರಿಕೆಯ ಅಭ್ಯಾಸಕ್ಕಿಂತ ಬಿಡುವು ಕೊಟ್ಟು ಮಾಡಿದ ಅಭ್ಯಾಸ ಮೇಲು ಎಂಬುದು 1885ರಲ್ಲಿ ಎಬ್ಬಿಂಗ್‌ಹೌಸ್ ಬರೆದ ಕಾಲದಿಂದಲೂ ತಿಳಿದಿರುವ ಸಂಗತಿ. ಈ ಎರಡನ್ನೂ ಒಟ್ಟಿಗೆ ಒದಗಿಸುವ ಸಾಧನ ಪ್ರತಿ ತರಗತಿಯ ಗೋಡೆಯ ಮೇಲಿದೆ. ಕರಿಹಲಗೆಯ ಮೇಲೆ ದಿನಾಂಕ ಮತ್ತು ವಾರವನ್ನು ಬೆಳಗ್ಗೆ ಶಿಕ್ಷಕರು ಬರೆದು ಮಕ್ಕಳು ನಕಲಿಳಿಸುವ ಬದಲು, ಮಕ್ಕಳೇ ಮೊದಲು ನೆನಪಿನಿಂದ ಸ್ಲೇಟಿನಲ್ಲಿ ಬರೆದು ಅನಂತರ ಹಲಗೆಯೊಡನೆ ಹೋಲಿಸಿಕೊಂಡರೆ, ಖರ್ಚಿಲ್ಲದೆ ಪರೀಕ್ಷೆಯೂ ಆಯಿತು, ಬಿಡುವೂ ಆಯಿತು. ಮೊದಲ ತಿಂಗಳುಗಳಲ್ಲಿ ಒಂದು ಪದಕ್ಕೆ ಏಳು ದಿನಗಳ ಬಿಡುವು ಅತಿಯಾದೀತು, ಆಗ ನಿನ್ನೆ, ಇವತ್ತು, ನಾಳೆ ಎಂದು ಮೂರು ಹೆಸರುಗಳನ್ನು ಬರೆಸಿದರೆ ಪ್ರತಿ ಹೆಸರೂ ಬೆನ್ನುಬೆನ್ನಿಗೆ ಬಂದು, ಕಾಲದ ಕ್ರಮವೂ ಅದರೊಡನೆ ಮನಸ್ಸಿಗೆ ಇಳಿಯುತ್ತದೆ.

ಶಾಲೆಗೆ ರಜೆಯಿರುವ ಭಾನುವಾರ ಈ ಏರ್ಪಾಡಿನಲ್ಲಿ ಶನಿವಾರದ ನಾಳೆಯಾಗಿ, ಸೋಮವಾರದ ನಿನ್ನೆಯಾಗಿ ಮಾತ್ರ ಹಲಗೆಗೆ ಬರುತ್ತದೆ. ಮಹಾಪ್ರಾಣದಿಂದಲೇ ಆರಂಭವಾಗುವ ಆ ಒಂದು ಹೆಸರನ್ನು ಅದರದೇ ದಿನದಂದು, ಕ್ಯಾಲೆಂಡರ್ ನೋಡಗೊಡದೆ ಬರೆಸುವ ಕೆಲಸ ಮನೆಯವರ ಪಾಲಿಗೆ ಉಳಿದಿದೆ.